ಹಿತ್ತಾಳೆಗೆ ಬೇಕಾದ ಎರಡು ಬೆಂಕಿ

ಆಕಾರ ಬದಲಿಸಿದ ಹಿತ್ತಾಳೆ ಎರಡು ಹೊತ್ತಿನಲ್ಲಿ ಸೀಳುತ್ತದೆ. ಒಂದು, ಕೆಲಸ ನಡೆದಿರುವಾಗಲೇ, ಆಕಾರ ಕೊಡುವ ಅಚ್ಚಿನ (ಡೈ) ಒಳಗೋ ಸುತ್ತಿಗೆಯ ಕೆಳಗೋ. ಇನ್ನೊಂದು, ಪಾಲಿಶ್ ಆಗಿ ಗಿರಾಕಿಯ ಮನೆ ಸೇರಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ. ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಕೇಳಿದರೂ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಕೇಳಿದರೂ ಎರಡಕ್ಕೂ ಉತ್ತರ ಒಂದೇ: "ಮಾಲೇ ಸರಿ ಇಲ್ರಿ." ಮಾಲಿನ ತಪ್ಪು ಕೆಲವು ಸಲ ಇರುತ್ತದೆ. ಹೆಚ್ಚಿನ ಸಲ ತಪ್ಪುವುದು ಬೆಂಕಿ. ಮೊದಲ ಸೀಳಿಗೆ ಬೇಕಾದ ಬೆಂಕಿ ಬೇರೆ, ಎರಡನೆಯದಕ್ಕೆ ಬೇಕಾದದ್ದು ಬೇರೆ. ಒಂದನ್ನು ಕೊಟ್ಟು ಎರಡೂ ಆಯಿತು ಎಂದುಕೊಳ್ಳುವಲ್ಲೇ ನಷ್ಟ.

ಮೊದಲು ಮಾಲು ನೋಡಿ. ತಣ್ಣಗಿರುವಾಗ ಒತ್ತಲು, ಎಳೆಯಲು, ಬಡಿಯಲು ಯೋಗ್ಯವಾದದ್ದು ತಾಮ್ರ 70, ಸತು 30 ಇರುವ ಹಿತ್ತಾಳೆ. ಸತು 40ರ ಹತ್ತಿರ ಹೋದರೆ ಲೋಹದೊಳಗೆ ಇನ್ನೊಂದು ಗಡಸು ರೂಪ ಸೇರಿಕೊಳ್ಳುತ್ತದೆ. ಅದನ್ನು ಕೆಂಪಗೆ ಕಾಯಿಸಿ ಬಡಿಯಬಹುದೇ ಹೊರತು ತಣ್ಣಗೆ ಬಗ್ಗಿಸಿದರೆ ಬಿರಿಯುತ್ತದೆ. ನಲ್ಲಿ, ವಾಲ್ವು, ನಟ್ಟು ಮಾಡುವ ರಾಡಿನಲ್ಲಿ ಲೇಥ್ ಕೆಲಸ ಸಲೀಸಾಗಲೆಂದು ಸೀಸ ಬೆರೆಸಿರುತ್ತಾರೆ, ಸಾಮಾನ್ಯವಾಗಿ ನೂರಕ್ಕೆ 2–3 ಪಾಲು. ಗುಜರಿಯಿಂದ ತಂದ ತುಂಡು ಯಾವುದೆಂದು ತಿಳಿಯಲು ಲೇಥಿಗೆ ಹಾಕಿ ಒಂದು ಸಲ ಕೊರೆದರೆ ಸಾಕು. ಸೀಸ ಇದ್ದರೆ ಚೂರು ರವೆಯಂತೆ ಉದುರುತ್ತದೆ, 70–30 ಆದರೆ ಉದ್ದ ಸುರುಳಿ ಬರುತ್ತದೆ. ರವೆ ಬಂದ ಮಾಲಿಗೆ ಪ್ರೆಸ್ ಹಚ್ಚಬೇಡಿ.

ಇನ್ನು ಮೊದಲ ಬೆಂಕಿ. ಹಿತ್ತಾಳೆಯನ್ನು ತಣ್ಣಗೆ ಒತ್ತಿದಷ್ಟೂ ಅದು ಗಡಸಾಗುತ್ತದೆ. ಮೆತ್ತಗೆ ಮಾಡಿದ ತಗಡು ಗಡಸುತನ ಅಳೆಯುವ ವಿಕರ್ಸ್ ಅಳತೆಯಲ್ಲಿ 60–70 ತೋರಿಸಿದರೆ, ಚೆನ್ನಾಗಿ ಒತ್ತಿಸಿಕೊಂಡ ಮೇಲೆ ಅದೇ ತಗಡು 150 ದಾಟುತ್ತದೆ. ಆ ಹಂತದಲ್ಲಿ ಇನ್ನೂ ಒತ್ತಿದರೆ ಅಂಚಿನಿಂದ ಸೀಳು ಶುರು. ಬಟ್ಟಲಿನ ಆಕಾರಕ್ಕೆ ಎಳೆಯುವಾಗ ಮೊದಲ ಎಳೆತದಲ್ಲಿ ವ್ಯಾಸವನ್ನು ನೂರಕ್ಕೆ 40–45ರಷ್ಟು ಇಳಿಸಬಹುದು. ಮುಂದಿನ ಎಳೆತಗಳಲ್ಲಿ 20–25ಕ್ಕಿಂತ ಆಸೆ ಪಡಬಾರದು. ನಡುವೆ ಕಾಯಿಸಿ ಮೆತ್ತಗೆ ಮಾಡಬೇಕು.

ಫರ್ನೇಸ್ ಇದ್ದರೆ 500ರಿಂದ 600 ಡಿಗ್ರಿ, ಅರ್ಧ ಗಂಟೆ. ಗ್ಯಾಸ್ ಟಾರ್ಚಿನಲ್ಲಾದರೆ ಕಣ್ಣಿಗೆ ಕಂಡೂ ಕಾಣದಷ್ಟು ಮಸುಕು ಕೆಂಪು ಬಂದೊಡನೆ ಉರಿ ತೆಗೆಯಬೇಕು. ಕಲಬುರಗಿಯ ಬಿಸಿಲಲ್ಲಿ, ಅಂಗಳದಲ್ಲಿ ಕೂತು ಈ ಕೆಲಸ ಮಾಡುವವರು ಕೆಡುವುದು ಇಲ್ಲೇ. ಬೆಳಕಿನಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಕಾಣುವ ಹೊತ್ತಿಗೆ ಲೋಹ 700 ದಾಟಿರುತ್ತದೆ. ಒಳಗೆ, ನೆರಳಲ್ಲಿ ಕಾಯಿಸಿ, ಇಲ್ಲವೇ ಗೊತ್ತಾದ ಕಾವಿಗೆ ಕರಗುವ ಟೆಂಪರೇಚರ್ ಕ್ರೇಯಾನ್ ಗೀರಿಟ್ಟು ಅದು ಕರಗುವುದನ್ನು ನೋಡಿ. ಅತಿ ಕಾದರೆ ಲೋಹದ ಕಣಗಳು ದಪ್ಪಗಾಗುತ್ತವೆ, ಮತ್ತೆ ಒತ್ತಿದಾಗ ಮೈಯೆಲ್ಲ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ಆ ತರಿಯನ್ನು ಬಫ್ ಹೊಡೆದು ಮುಚ್ಚಬಹುದು, ಕಳೆದುಹೋದ ಬಲ ತಿರುಗಿ ಬರುವುದಿಲ್ಲ. ಬಿಳಿ ಹೊಗೆ ಎದ್ದರೆ ಸತು ಆವಿಯಾಗುತ್ತಿದೆ ಎಂದರ್ಥ. ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಚೆನ್ನಾಗಿ ಒತ್ತಿಸಿಕೊಂಡ ಗಡಸು ತುಂಡಿಗೆ ಉರಿಯನ್ನು ಒಮ್ಮೆಲೇ ಹಿಡಿದರೆ ಬೆಂಕಿಯಲ್ಲೇ ಟಪ್ಪೆಂದು ಸೀಳುವುದುಂಟು. ಮೊದಲು ಸುತ್ತಲೂ ಹದವಾಗಿ ಬಿಸಿ ಮಾಡಿ, ಆಮೇಲೆ ಏರಿಸಿ. ನೀರಿಗೆ ಹಾಕಿದರೆ ಗಡಸಾಗುತ್ತದೆ ಎಂಬ ಭಯ ಬೇಡ, ಅದು ಉಕ್ಕಿನ ಗುಣ. ಹಿತ್ತಾಳೆಯನ್ನು ನೀರಲ್ಲಿ ಅದ್ದಿದರೂ ಒಂದೇ, ಹಾಗೇ ಬಿಟ್ಟರೂ ಒಂದೇ. ಕಪ್ಪು ತೆಗೆಯಲು ಹತ್ತಕ್ಕೆ ಒಂದು ಪಾಲು ಗಂಧಕಾಮ್ಲ ಸಾಕು. ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರಲ್ಲ. ಕಬ್ಬಿಣದ ಇಕ್ಕಳ ಅದರೊಳಗೆ ಇಳಿಸಿದರೆ ತಾಮ್ರ ಬಿಟ್ಟುಕೊಂಡು ಪಾತ್ರೆ ಕೆಂಪಗಾಗುತ್ತದೆ.

ಒಂದೇ ತುಂಡಿನಲ್ಲಿ ಎಲ್ಲಿ ಮೆತ್ತಗಿರಬೇಕು, ಎಲ್ಲಿ ಗಡಸಿರಬೇಕು ಎಂಬ ಲೆಕ್ಕ ಬಹಳ ಬಿಗಿಯಾಗಿರುವುದು ರೈಫಲ್ ತೋಟಾದ ಕೋಶದಲ್ಲಿ. 70–30 ಮಾಲಿಗೆ ಇಂಗ್ಲಿಷಿನಲ್ಲಿ ಕಾರ್ಟ್ರಿಜ್ ಬ್ರಾಸ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಪರವಾನಗಿ ಇರುವ ದೇಶಗಳಲ್ಲಿ ಹವ್ಯಾಸಿಗಳು ಒಂದು ಅಳತೆಯ ಖಾಲಿ ಕೋಶವನ್ನು ಇನ್ನೊಂದಕ್ಕೆ ತಿದ್ದುತ್ತಾರೆ. ಉದಾಹರಣೆಗೆ ಪಾಯಿಂಟ್ 30-06 ಕೋಶ 63 ಮಿಲಿಮೀಟರ್ ಉದ್ದ, 8×57 ಮೌಸರ್ ಕೋಶ 57. ಬುಡದ ವ್ಯಾಸ ಎರಡಕ್ಕೂ ಸುಮಾರು 12 ಮಿಲಿಮೀಟರ್. ಹಾಗಾಗಿ ಭುಜವನ್ನು, ಅಂದರೆ ಮೈ ಕಿರಿದಾಗಿ ಕುತ್ತಿಗೆ ಸೇರುವ ಇಳಿಜಾರನ್ನು, ಡೈಯಲ್ಲಿ ಹಿಂದಕ್ಕೆ ಒತ್ತಿ, ಉದ್ದ ಕತ್ತರಿಸಿದರೆ ಆಕಾರ ಬರುತ್ತದೆ. ತೊಂದರೆ ಆಮೇಲೆ. ಹಳೆಯ ಕೋಶದ ಭುಜ ಮತ್ತು ಮೈಯ ದಪ್ಪ ಲೋಹವೇ ಈಗ ಹೊಸ ಕುತ್ತಿಗೆ. ಒಳಗಿನಿಂದ ಕೊರೆದೋ ಹೊರಗಿನಿಂದ ಸವರಿಯೋ ಗೋಡೆ ತೆಳ್ಳಗೆ ಮಾಡದಿದ್ದರೆ ಗುಂಡು ಬಿಡಿಸಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಡೈಗೆ ಹಚ್ಚುವ ಎಣ್ಣೆ ಕಡಿಮೆಯಾದರೆ ಕೋಶ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಹೋಗಲು ದಾರಿಯಿಲ್ಲದ ಎಣ್ಣೆ ಭುಜದ ಮೇಲೆ ತಗ್ಗು ಬೀಳಿಸುತ್ತದೆ. ಒತ್ತಿ ಗಡಸಾದ ಕುತ್ತಿಗೆಯನ್ನು ಕಾಯಿಸಿ ಮೆತ್ತಗೆ ಮಾಡಬೇಕು, ಬುಡವನ್ನು ಮಾತ್ರ ಕಾಯಿಸಲೇಬಾರದು. ಸುಮಾರು 4,000 ಬಾರ್ ಒತ್ತಡ ತಡೆಯುವುದು ಆ ಗಡಸು ಬುಡ. ಅದಕ್ಕೇ ಬುಡವನ್ನು ತಟ್ಟೆಯ ನೀರಲ್ಲಿ ನಿಲ್ಲಿಸಿ ಮೇಲ್ಭಾಗಕ್ಕಷ್ಟೇ ಉರಿ ತೋರಿಸುವ ಪದ್ಧತಿ. ನಮ್ಮಲ್ಲಿ ಮದ್ದುಗುಂಡು ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು, ವರ್ಕ್‌ಶಾಪಿನವರು ಇದಕ್ಕೆ ಕೈ ಹಾಕುವ ಮಾತೇ ಇಲ್ಲ. ಆದರೆ ನೀರಲ್ಲಿ ನಿಲ್ಲಿಸುವ ಉಪಾಯವನ್ನು ಹೂದಾನಿಯ ಕಂಠ ತಿದ್ದುವಾಗ, ಕೊಳವೆಯ ಬಾಯಿ ಅಗಲಿಸುವಾಗ ಧಾರಾಳವಾಗಿ ಬಳಸಿ.

ಎರಡನೆಯ ಬೆಂಕಿಯ ಕಥೆಯೂ ತೋಟಾದ್ದೇ. ಬ್ರಿಟಿಷರ ಕಾಲದಲ್ಲಿ ಹಿಂದುಸ್ತಾನದ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಋತುವಿಗೆ ಸರಿಯಾಗಿ ಬರುವ ಈ ರೋಗಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಸಂಶೋಧಕರು ಕಾರಣ ಬಿಡಿಸಿದರು: ಕುದುರೆ ಗಂಜಲದಿಂದೇಳುವ ಅಮೋನಿಯಾ, ಜೊತೆಗೆ ಒತ್ತುವಾಗ ಲೋಹದೊಳಗೆ ಉಳಿದ ಬಿಗಿತ. ಎರಡೂ ಕೂಡಬೇಕು, ತೇವವೂ ಬೇಕು. ಯಾವುದೊಂದು ಇಲ್ಲದಿದ್ದರೂ ಸೀಳಿಲ್ಲ. ಸತು ನೂರಕ್ಕೆ 15ಕ್ಕಿಂತ ಕಡಿಮೆ ಇದ್ದರೆ ಈ ಕಾಟ ಬಹಳ ಕಡಿಮೆ.

ಲಾಯ ನಮ್ಮ ಮನೆಗಳಲ್ಲಿ ಇಲ್ಲದಿರಬಹುದು, ದನದ ಕೊಟ್ಟಿಗೆ ಇದೆ. ತೊಗರಿ ಬಿತ್ತನೆಗೆ ತಂದ ಡಿಎಪಿ ಚೀಲ ಪೇರಿಸುವುದು ಪಾತ್ರೆ ಇಡುವ ಕೋಣೆಯಲ್ಲೇ. ಆ ಗೊಬ್ಬರ ತೇವಕ್ಕೆ ಬಿಟ್ಟುಕೊಡುವುದೂ ಅಮೋನಿಯಾವನ್ನೇ. ಕಲಾಯಿ ಹಾಕುವವರು ಬಿಸಿ ಪಾತ್ರೆಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಎರಚಿದಾಗ ಏಳುವ ಬಿಳಿ ಹೊಗೆಯಲ್ಲೂ ಅದಿದೆ. ಕಲಾಯಿ ಮುಗಿದ ಮೇಲೆ ಬಿಸಿ ನೀರಲ್ಲಿ ಒಳಗೂ ಹೊರಗೂ ಉಜ್ಜಿ ತೊಳೆಯಿರಿ, ಸುತ್ತಿದ ಅಂಚಿನ ಸಂದಿಯಲ್ಲಿ ಪುಡಿ ಉಳಿಯಬಾರದು. ಬೀದರಿನ ಬಿದ್ರಿ ಕೆಲಸದಲ್ಲಿ ಕೋಟೆಯ ಮಣ್ಣಿನ ಜೊತೆ ನವಸಾಗರ ಕಲಸುತ್ತಾರೆ. ಬಿದ್ರಿ ಸತುವೇ ಹೆಚ್ಚಿರುವ, ಎರಕ ಹೊಯ್ದ ಲೋಹವಾದ್ದರಿಂದ ಅದಕ್ಕೆ ಈ ರೋಗವಿಲ್ಲ. ಅದೇ ಅಂಗಡಿಯ ಕಪಾಟಿನಲ್ಲಿಟ್ಟ, ಒತ್ತಿ ಮಾಡಿದ ಹಿತ್ತಾಳೆ ಚರಗಿಗೆ ಇದೆ.

ಮದ್ದು ಸುಲಭ, ಆದರೆ ಮಾಡುವವರು ಕಡಿಮೆ. ಆಕಾರದ ಕೆಲಸವೆಲ್ಲ ಮುಗಿದ ಮೇಲೆ 250ರಿಂದ 300 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ತೆಗೆಯಬೇಕು. ಈ ಕಾವಿಗೆ ಗಡಸುತನ ಇಳಿಯುವುದು ಇಲ್ಲವೆನ್ನುವಷ್ಟು ಕಡಿಮೆ, ಒಳಗಿನ ಬಿಗಿತ ಮಾತ್ರ ಸಡಿಲಾಗುತ್ತದೆ. ಚಿಕ್ಕ ಸಾಮಾನಿಗೆ 250 ಡಿಗ್ರಿ ತಲುಪುವ, ಅಡುಗೆಮನೆಯ ವಿದ್ಯುತ್ ಓವನ್ (ಓಟಿಜಿ) ಸಾಕು. ಮೈಗೆ ಕಂದು ಛಾಯೆ ಬರುತ್ತದೆ, ಆದ್ದರಿಂದ ಪಾಲಿಶ್ ಕೊನೆಗೆ. ಸೀಸದ ಬೆಸುಗೆ ಇರುವ ಸಾಮಾನು 190ರ ಆಸುಪಾಸಿನಲ್ಲೇ ಬಿಟ್ಟುಕೊಳ್ಳುತ್ತದೆ, ತವರ 232ಕ್ಕೆ ಕರಗುತ್ತದೆ. ಅಂದಮೇಲೆ ಬೆಸುಗೆ, ಕಲಾಯಿ ಎರಡೂ ಈ ಕಾವಿನ ನಂತರವೇ. ಕಲಾಯಿಯ ಬಿಸಿಯೇ ಇದಕ್ಕೂ ಸಾಕೆಂದು ವಾದಿಸುವವರಿದ್ದಾರೆ. ಅಲ್ಲಿ ಬಿಸಿ ಕೆಲವೇ ನಿಮಿಷ, ಅದೂ ಒಂದೊಂದು ಕಡೆ ಒಂದೊಂದು ರೀತಿ, ನಂಬಬೇಡಿ.

ಬ್ಯಾಚಿಗೊಂದು ತುಂಡು ಪರೀಕ್ಷಿಸಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಗಟ್ಟಿ ಅಮೋನಿಯಾ ದ್ರಾವಣ ಸ್ವಲ್ಪ ಸುರಿದು, ಅದಕ್ಕೆ ತಾಗದಂತೆ ತುಂಡನ್ನು ಮೇಲೆ ತೂಗುಬಿಟ್ಟು ಒಂದು ದಿನ ಮುಚ್ಚಿಡಿ. ಗಾಳಿಯಾಡುವ ಕಡೆ ಮಾಡಿ, ಕಣ್ಣಿಗೆ ಕನ್ನಡಕ ಇರಲಿ. ತೆಗೆದು ತೊಳೆದು, ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸೀಳಿದ್ದರೆ ಓವನ್ ಸಾಲದು ಎಂದು ಗೊತ್ತಾಯಿತು. ಪರೀಕ್ಷೆಗಿಟ್ಟ ತುಂಡು ಸೀಳದಿದ್ದರೂ ಮಾರಾಟಕ್ಕೆ ಬೇಡ.

ಈಗಾಗಲೇ ಸೀಳಿದ ಕೊಡ ರಿಪೇರಿಗೆ ಬಂದರೆ ಸೀಳಿನ ಎರಡು ತುದಿಗೂ 2 ಮಿಲಿಮೀಟರ್ ತೂತು ಕೊರೆದು ಅದರ ಓಟ ನಿಲ್ಲಿಸಿ. ಇಡೀ ಕೊಡಕ್ಕೆ ಮೇಲೆ ಹೇಳಿದ 250–300 ಡಿಗ್ರಿಯ ಕಾವು ಕೊಟ್ಟ ಮೇಲೆ ಬೆಳ್ಳಿ ಬೆಸುಗೆ ಹಾಕಿ. ಮೊದಲೇ ಬೆಸುಗೆಯ ಉರಿ ಹಿಡಿದರೆ ಪಕ್ಕದಲ್ಲಿ ಹೊಸ ಸೀಳು ತೆರೆಯುತ್ತದೆ. ಕುಡಿಯುವ ನೀರಿನ ಕೊಡಕ್ಕಾದರೆ ಕ್ಯಾಡ್ಮಿಯಂ ಇಲ್ಲದ ಬೆಸುಗೆ ಕಡ್ಡಿಯನ್ನೇ ಕೇಳಿ ತನ್ನಿ.