ಬಲೂನ್ ತೆರೆದ ದಾರಿ ಮತ್ತೆ ಮುಚ್ಚುವುದೇಕೆ?

ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋದರೆ ನಮ್ಮ ಕಾಕಾ ಮೂರು ಕಡೆ ನಿಲ್ಲುತ್ತಿದ್ದರು. ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ನೋವು ಇಳಿಯುತ್ತಿತ್ತು. ಕಾಲಿನ ಕಿರಿದಾದ ರಕ್ತನಾಳವನ್ನು ಒಳಗಿನಿಂದ ಹಿಗ್ಗಿಸಲು ಬಲೂನ್ ಹಾಕಿಸಿದ ಮೇಲೆ ಎಲ್ಲೂ ನಿಲ್ಲದೆ ನಡೆದರು. ಏಳು ತಿಂಗಳಿಗೆ ಮತ್ತೆ ಅದೇ ಅಂಗಡಿ ಕಟ್ಟೆಯ ಮೇಲೆ ಕೂತರು. "ತಮ್ಮಾ, ತೆರೆದಿದ್ದು ಮತ್ತ್ಯಾಕ ಮುಚ್ಕೊಂತು?" ಎಂದು ಕೇಳಿದರು. ಮನೆಯಲ್ಲಿ ಒಬ್ಬರು ಬೀಡಿ ಕಾರಣ ಅಂದರು, ಇನ್ನೊಬ್ಬರು ಡಾಕ್ಟರ್ ಸರಿಯಾಗಿ ಮಾಡಿಲ್ಲ ಅಂದರು.

ಇದು ಹಳೆಯ ಪ್ರಶ್ನೆ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಡಾಕ್ಟರ್ ಚಾರ್ಲ್ಸ್ ಡಾಟರ್ 82 ವರ್ಷದ ಅಜ್ಜಿಯೊಬ್ಬರ ತೊಡೆಯ ರಕ್ತನಾಳವನ್ನು ಕೊಳವೆ ತೂರಿಸಿ ಹಿಗ್ಗಿಸಿದರು. ಕಾಲು ಉಳಿಯಿತು. 1974ರಲ್ಲಿ ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಜಿಗ್ ಅದೇ ಕೆಲಸಕ್ಕೆ ಬಲೂನ್ ತಂದರು. ಹೌದು, ಬಲೂನ್ ಮೊದಲು ಬಂದಿದ್ದು ಕಾಲಿಗೆ. ಹೃದಯಕ್ಕೆ ಬಂದಿದ್ದು 1977ರಲ್ಲಿ. ಆಮೇಲೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಬಂತು.

ನಾಳದೊಳಗೆ ಕಟ್ಟಿಕೊಂಡ ಕೊಬ್ಬನ್ನು ಬಲೂನ್ ತೆಗೆದುಹಾಕುವುದಿಲ್ಲ. ಒತ್ತಿ ಸೀಳುತ್ತದೆ, ನಾಳದ ಒಳಪದರವೂ ಹರಿಯುತ್ತದೆ. ದೇಹಕ್ಕೆ ಅದು ಗಾಯ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅಂಟುತ್ತವೆ, ಬಿಳಿ ರಕ್ತಕಣಗಳು ನುಗ್ಗುತ್ತವೆ, ಉರಿಯೂತ ಶುರುವಾಗುತ್ತದೆ. ಆಗ ನಾಳದ ಗೋಡೆಯ ಸ್ನಾಯುಕೋಶಗಳು ಒಳಕ್ಕೆ ಸರಿದು ಬೆಳೆಯತೊಡಗುತ್ತವೆ. ಮೊಣಕಾಲಿನ ಗಾಯ ಮಾಗಿ ಗಂಟು ಉಳಿಯುತ್ತದೆ ಅಲ್ವಾ, ಹಾಗೆ. ಹೊರಗಿನ ಗಂಟಿನಿಂದ ತೊಂದರೆ ಇಲ್ಲ. ಪೆನ್ಸಿಲ್‌ಗಿಂತಲೂ ಸಣ್ಣ ದಾರಿಯೊಳಗೆ ಗಂಟಾದರೆ ರಕ್ತ ಹರಿಯುವುದು ಎಲ್ಲಿಂದ?

2000ದ ಆಸುಪಾಸಿನಲ್ಲಿ ವಿಯೆನ್ನಾದ ವೈದ್ಯರು ಇದರ ಬೆನ್ನು ಹತ್ತಿದರು. ಅವರು ನೋಡಿದ್ದು ಸಿಆರ್‌ಪಿ. ಉರಿಯೂತ ಇದ್ದಾಗ ಲಿವರ್ ರಕ್ತಕ್ಕೆ ಬಿಡುವ ಪ್ರೋಟೀನ್ ಅದು. ನಮ್ಮ ಊರಿನ ಲ್ಯಾಬ್‌ಗಳಲ್ಲೂ ಮಾಡುವ ಪರೀಕ್ಷೆ. ಸಿಆರ್‌ಪಿ ಜಾಸ್ತಿ ಇದ್ದವರಲ್ಲಿ ನಾಳ ಮತ್ತೆ ಕಿರಿದಾಗುವುದೂ ಜಾಸ್ತಿ ಎಂದು ಕಂಡಿತು. ಆದರೆ ಬೀಡಿ, ಸಕ್ಕರೆ ಕಾಯಿಲೆ, ಪಾದದ ಹುಣ್ಣು, ಕೊನೆಗೆ ಹಲ್ಲಿನ ಕೀವಿನಿಂದಲೂ ಸಿಆರ್‌ಪಿ ಏರುತ್ತದೆ. ಹಾಗಾದರೆ ಅದು ಬೆಂಕಿಯೋ, ಬರೀ ಹೊಗೆಯೋ? ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ವಿಯೆನ್ನಾದ್ದೇ 2006ರ ಅಧ್ಯಯನದಲ್ಲಿ, ತೊಡೆಗೆ ಬರೀ ಬಲೂನ್ ಹಾಕಿಸಿಕೊಂಡ 100ರಲ್ಲಿ 63 ಮಂದಿಗೆ ವರ್ಷದೊಳಗೆ ನಾಳ ಕಿರಿದಾಗಿತ್ತು. ಸ್ಟೆಂಟ್ ಹಾಕಿಸಿಕೊಂಡವರಲ್ಲಿ 37.

ಮುಂದೆ ಪ್ಯಾಕ್ಲಿಟ್ಯಾಕ್ಸೆಲ್ ಔಷಧಿ ಬಳಿದ ಬಲೂನ್ ಬಂತು. ಅದು ಕೋಶಗಳ ಬೆಳವಣಿಗೆ ತಡೆಯುತ್ತದೆ. 2018ರ ಕೊನೆಗೆ ಒಂದು ವಿಶ್ಲೇಷಣೆ ಇದರಿಂದ ಸಾವು ಹೆಚ್ಚಬಹುದು ಎಂದಾಗ ಎಲ್ಲರೂ ಗಾಬರಿಯಾದರು. ಆ ಅಪಾಯಕ್ಕೆ ಆಧಾರ ಕಾಣುತ್ತಿಲ್ಲ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದ್ದು 2023ರಲ್ಲಿ.

ಇಷ್ಟೆಲ್ಲ ನಡೆದರೂ ನಮ್ಮ ಕಡೆ ಬಲೂನ್ ಹಾಕಿಸಿದ ದಿನವೇ ಕಾಯಿಲೆ ಮುಗಿಯಿತು ಅಂದುಕೊಳ್ಳುತ್ತೇವೆ. ಸಾಲ ಮಾಡಿಯಾದರೂ ಬಲೂನ್‌ಗೆ ದುಡ್ಡು ಹೊಂದಿಸುತ್ತೇವೆ. ಮೂರು ತಿಂಗಳಿಗೊಮ್ಮೆ ತೋರಿಸಲು ಸೇಡಂನಿಂದಲೋ ಆಳಂದದಿಂದಲೋ ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ. ಕಾಲು ನೋವಿಲ್ಲದಾಗ ಯಾರು ಬರುತ್ತಾರೆ? ನಾಳ ಸದ್ದಿಲ್ಲದೆ ಮುಚ್ಚುವುದು ಆ ತಿಂಗಳುಗಳಲ್ಲೇ.

ಕಾಕಾಗೆ ಕೊನೆಗೆ ಮಾಡಿದ್ದು ಸರಳ ಪರೀಕ್ಷೆ. ತೋಳಿಗೆ ಒಮ್ಮೆ, ಪಾದದ ಗಂಟಿನ ಮೇಲೆ ಒಮ್ಮೆ ಬಿಪಿ ಪಟ್ಟಿ ಸುತ್ತಿ, ರಕ್ತ ಹರಿಯುವುದನ್ನು ಕೇಳಿಸುವ ಪೆನ್ನಿನಂಥ ಡಾಪ್ಲರ್ ಯಂತ್ರ ಇಟ್ಟು ಸದ್ದು ಕೇಳಿದರು. ತೋಳಲ್ಲಿ 140, ಕಾಲಲ್ಲಿ 80. ಕಾಲಿನ ಅಂಕಿಯನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಕಾಕಾದು 0.57. ಹತ್ತು ನಿಮಿಷದ ಕೆಲಸ. ಏಳು ತಿಂಗಳಲ್ಲಿ ಒಮ್ಮೆಯೂ ಆಗಿರಲಿಲ್ಲ.