ಬಾಯಲ್ಲಿ ಕೇಳುವ ಕಪ್ಪೆ

ಅಜ್ಜಿ ಕತೆ ಹೇಳುವಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ. ಕತೆ ಒಳಗೆ ಹೋಗುವುದು ಕಿವಿಯಿಂದಲೇ ಅನ್ನಿ. ಆದರೆ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿರುವ ಒಂದು ಕಪ್ಪೆಗೆ ನಿಜಕ್ಕೂ ಬಾಯಿಯೇ ಕಿವಿ.

ಸೆಶೆಲ್ಲೊಫ್ರೈನ್ ಎಂಬ ಈ ಕುಲದಲ್ಲಿ ಇರುವುದು ಎರಡೇ ಪ್ರಭೇದ. ಒಂದು ಸಿಲುಯೆಟ್ ದ್ವೀಪದಲ್ಲಿ ತಾಳೆ ಜಾತಿಯ ಮರಗಳ ಎಲೆಸಂದಿಯಲ್ಲಿ ಅಡಗಿಕೊಂಡಿದ್ದು, 2002ರಲ್ಲಷ್ಟೇ ಹೆಸರು ಪಡೆಯಿತು. ಇನ್ನೊಂದು ಗಾರ್ಡಿನರ್ ಕಪ್ಪೆ. ಬೆಟ್ಟದ ಕಾಡಿನಲ್ಲಿ ಒದ್ದೆ ತರಗೆಲೆಗಳ ನಡುವೆ ಅದರ ವಾಸ. ಚೆನ್ನಾಗಿ ಬೆಳೆದರೂ 11 ಮಿಲಿಮೀಟರ್ ಆಸುಪಾಸು, ಕಿರುಬೆರಳಿನ ಉಗುರಿನ ಮೇಲೆ ಕೂರಿಸಬಹುದು. ಗೊದಮೊಟ್ಟೆಯ ಅವಸ್ಥೆಯೇ ಇದಕ್ಕಿಲ್ಲ. ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ.

ಗಾಳಿಯಲ್ಲಿ ಬರುವ ಸದ್ದು ಮೈಗೆ ತಾಗಿದರೆ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಪುಟಿಯುತ್ತದೆ. ಅದನ್ನು ಹಿಡಿದು ಒಳಕಿವಿಗೆ ದಾಟಿಸಲೆಂದೇ ಕಪ್ಪೆಗಳಿಗೆ ಕಿವಿತಮಟೆ, ಅದರ ಹಿಂದೊಂದು ಪುಟ್ಟ ಎಲುಬು. ಗಾರ್ಡಿನರ್ ಕಪ್ಪೆಗೆ ಇವೆರಡೂ ಇಲ್ಲ. ಲೆಕ್ಕದ ಪ್ರಕಾರ ಅದು ಕಿವುಡು. ಹಾಗಿದ್ದೂ ಕೀರಲು ದನಿಯಲ್ಲಿ ಕೂಗುತ್ತದೆ. ಯಾರಿಗಾಗಿ?

ಫ್ರಾನ್ಸಿನ ವಿಜ್ಞಾನಿ ರೆನೊ ಬ್ವಾಸ್ತೆಲ್ ಮತ್ತು ಸಂಗಡಿಗರು ಕಾಡಿನಲ್ಲೇ ಸ್ಪೀಕರ್ ಇಟ್ಟು ಇದರ ಕೂಗನ್ನೇ ಕೇಳಿಸಿದರು. ಗಂಡುಗಳು ಮರುಕೂಗು ಹಾಕಿದವು! ಕಿವುಡಲ್ಲವೆಂದು ಅಲ್ಲಿಗೆ ಖಚಿತವಾಯಿತು. ಸದ್ದು ಒಳಹೋಗುವ ದಾರಿ ಹುಡುಕಲು ತೀಕ್ಷ್ಣ ಎಕ್ಸ್-ರೇಯಲ್ಲಿ ಅದರ ದೇಹವನ್ನು ಚಿತ್ರಿಸಿ, ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿದರು. ಮೊದಲ ಅನುಮಾನ ಶ್ವಾಸಕೋಶದ ಮೇಲಿತ್ತು, ಅದು ಹುಸಿಯಾಯಿತು. ಉತ್ತರ ಸಿಕ್ಕಿದ್ದು ಬಾಯಲ್ಲಿ. ಖಾಲಿ ಕೊಡದೊಳಗೆ ರಾಗ ಎಳೆದರೆ ಯಾವುದೋ ಒಂದು ಶ್ರುತಿಗೆ ಕೊಡವೇ ಗುಂಯ್‌ಗುಡುತ್ತದಲ್ಲ, ಹಾಗೆ ಈ ಕಪ್ಪೆಯ ಬಾಯಿಯ ಪೊಳ್ಳು ಅದರದೇ ಕೂಗಿನ ಶ್ರುತಿಗೆ, ಅಂದರೆ ಸುಮಾರು 5,700 ಹರ್ಟ್ಸ್‌ಗೆ, ಅನುರಣಿಸುತ್ತದೆ. ಬಾಯಿಗೂ ಒಳಕಿವಿಗೂ ನಡುವಿನ ಪದರ ತೀರಾ ತೆಳು. ಹಿಗ್ಗಿದ ಕಂಪನ ಸಲೀಸಾಗಿ ದಾಟುತ್ತದೆ. 2013ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ದುಬಾರಿ ಯಂತ್ರವಲ್ಲ, ಆ ಸ್ಪೀಕರ್.

ಇದರ ಕುಟುಂಬಕ್ಕೆ ಅತಿ ಹತ್ತಿರದ ಬಂಧು ನಮ್ಮ ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿದೆ: 2003ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ನೇರಳೆ ಕಪ್ಪೆ. ಸೆಶೆಲ್ಸ್ ಒಂದು ಕಾಲಕ್ಕೆ ಭಾರತದ ನೆಲಕ್ಕೇ ಅಂಟಿಕೊಂಡಿತ್ತು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಬೇರೆಯಾಯಿತು. ಊದಿದ ಮೈಯ ಈ ನೆಂಟ ವರ್ಷದ ಬಹುಪಾಲು ನೆಲದೊಳಗೇ ಇರುತ್ತದೆ. ಗಂಡು ಹೆಣ್ಣನ್ನು ಕರೆಯುವುದೂ ಮಣ್ಣಿನಡಿಯಿಂದಲೇ.