ಹೊಲಿಗೆ ಕೋಣೆಗೆ ಇನ್ನೊಂದು ಬೀರು ಬೇಡ

ಆಷಾಢ ಬಂತೆಂದರೆ ಟೈಲರ್‌ಗಳಿಗೆ ಸ್ವಲ್ಪ ಬಿಡುವು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಬ್ಲೌಸಿನ ಆರ್ಡರ್ ಕಮ್ಮಿ. ಶ್ರಾವಣ ಶುರುವಾದರೆ ವರಮಹಾಲಕ್ಷ್ಮಿ ಹಬ್ಬ, ಅದರ ಬೆನ್ನಿಗೇ ಗೌರಿ ಗಣೇಶ, ಆಮೇಲೆ ದಸರಾ. ಅಲ್ಲಿಂದ ಮುಂದೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಮನೆಯಲ್ಲೇ ಹೊಲಿಯುವವರು ಕೋಣೆ ಸರಿಮಾಡಿಕೊಳ್ಳುವುದಿದ್ದರೆ ಆಷಾಢದಲ್ಲೇ ಮಾಡಿಕೊಳ್ಳಿ.

ಕೋಣೆ ಅಂದೆ, ಆದರೆ ಬಹಳ ಜನರಿಗೆ ಅದು ಕೋಣೆಯಲ್ಲ. ಹಾಲಿನ ಒಂದು ಮೂಲೆ, ಗಾಜು ಹಾಕಿಸಿದ ಬಾಲ್ಕನಿ, ಮೆಟ್ಟಿಲ ಕೆಳಗಿನ ಜಾಗ. ನನ್ನ ಹತ್ತಿರ ಹೊಲಿಗೆ ಕಲಿತವರಲ್ಲಿ ಹೆಚ್ಚಿನವರು ಇಂಥ ಜಾಗದಲ್ಲೇ ಕೂತು ಸಂಪಾದಿಸುತ್ತಿದ್ದಾರೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಉಪಕರಣಕ್ಕೆಂದು 15,000 ರೂಪಾಯಿವರೆಗೆ ಕೊಡುತ್ತಾರೆ. ಮೆಷಿನ್ ಹೇಗೋ ಮನೆಗೆ ಬಂದುಬಿಡುತ್ತದೆ. ಅದನ್ನು ಇಡಲು ಜಾಗ ಎಲ್ಲಿಂದ ಬರಬೇಕು?

"ಮೇಡಂ, ಇನ್ನೊಂದು ಬೀರು ತಗೊಂಡ್ರೆ ಎಲ್ಲ ಸರಿಹೋಗತ್ತಾ?" ಅಂತ ಕೇಳುತ್ತಾರೆ. ಹೋಗಲ್ಲ. ಬೀರು ತಂದರೆ ಇದ್ದ ಜಾಗವೂ ಹೋಗುತ್ತದೆ, ಅದೂ ತಿಂಗಳೊಳಗೆ ತುಂಬುತ್ತದೆ. ಮೊದಲು ಎಲ್ಲ ಬಟ್ಟೆಯನ್ನೂ ಮಂಚದ ಮೇಲೆ ಸುರಿಯಿರಿ. ಹೊಲಿಯಬೇಕಾದ ಗಿರಾಕಿ ಬಟ್ಟೆ ಒಂದು ಗುಡ್ಡೆ. ಹೊಲಿದು ಮುಗಿಸಿ, ಇನ್ನೂ ತಗೊಂಡು ಹೋಗದೇ ಇರುವುದು ಇನ್ನೊಂದು. ನಿಮ್ಮದೇ ಬಟ್ಟೆ, ಉಳಿದ ತುಂಡು, "ಯಾವತ್ತಾದ್ರೂ ಬೇಕಾಗತ್ತೆ" ಅಂತ ಎತ್ತಿಟ್ಟಿದ್ದು ಮೂರನೆಯದು. ಮೂರನೇ ಗುಡ್ಡೆಯೇ ದೊಡ್ಡದಿರುತ್ತದೆ. ಸಂಪಾದನೆ ತರುವ ಬಟ್ಟೆ ಮೂಲೆ ಸೇರಿರುತ್ತದೆ, ಯಾವತ್ತೂ ಬೇಕಾಗದ ಬಟ್ಟೆ ಕೈಗೆ ಸಿಗುವ ಜಾಗದಲ್ಲಿ ಕೂತಿರುತ್ತದೆ.

ಮೊದಲ ಗುಡ್ಡೆಯ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಒಬ್ಬ ಗಿರಾಕಿಗೆ ಒಂದು ಕವರ್. ಜಿಪ್ ಇರುವ, ಒಳಗಿದ್ದದ್ದು ಕಾಣುವಂಥ ಸೀರೆ ಕವರ್ ಆದರೆ ಒಳ್ಳೆಯದು. ಅದರೊಳಗೆ ಬ್ಲೌಸ್ ಪೀಸ್, ಲೈನಿಂಗ್, ಅಳತೆ ಬ್ಲೌಸ್, ಹುಕ್ಸ್, ಡೋರಿ, ಲಟ್ಕನ್, ಮ್ಯಾಚಿಂಗ್ ದಾರ ಎಲ್ಲ ಒಟ್ಟಿಗೆ. ಒಂದು ಚೀಟಿ: ಹೆಸರು, ಕೊಡಬೇಕಾದ ದಿನ, ಕತ್ತಿನ ಆಕಾರ, ತೋಳಿನ ಉದ್ದ, ಅಡ್ವಾನ್ಸ್ ಎಷ್ಟು ಬಂತು. ಕಟಿಂಗ್ ಆದ ಮೇಲೆ ತುಂಡುಗಳು ವಾಪಸ್ ಅದೇ ಕವರಿಗೆ. ಮೆಷಿನ್ ಮೇಲೆ ಒಂದು ಹೊತ್ತಿಗೆ ಒಂದೇ ಕವರ್ ತೆರೆದಿರಬೇಕು. ಒಂದೇ ಮದುವೆಗೆ ಆರು ಜನ ಆರು ಮೆರೂನ್ ಬ್ಲೌಸ್ ಕೊಟ್ಟಾಗ ಇದರ ಬೆಲೆ ತಿಳಿಯುತ್ತದೆ. ಒಬ್ಬರ ತೋಳು ಇನ್ನೊಬ್ಬರ ಬ್ಲೌಸಿಗೆ ಸೇರಿದರೆ ಯಾರಿಗೆ ಅಂತ ಉತ್ತರ ಕೊಡುತ್ತೀರಿ?

ಕವರ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಕೆಳಗಿನದು ಮರೆತೇ ಹೋಗುತ್ತದೆ. ಬಟ್ಟೆ ಒಣಹಾಕುವ ಹಗ್ಗದ ಥರ ಗೋಡೆಗೆ ಒಂದು ಸರಳು ಹಾಕಿಸಿ, ಹ್ಯಾಂಗರ್ ಕ್ಲಿಪ್ಪಿನಲ್ಲಿ ತೂಗುಹಾಕಿ. ಬೇಗ ಕೊಡಬೇಕಾದ್ದು ಎಡಗಡೆ, ನಿಧಾನಕ್ಕೆ ಕೊಟ್ಟರೂ ಆಗುವಂಥದ್ದು ಬಲಗಡೆ. ಬೆಳಗ್ಗೆ ಎದ್ದು ಎಡಗಡೆಯ ಮೊದಲ ಕವರ್ ತೆಗೆದರೆ ಆಯಿತು, ಯೋಚನೆ ಮಾಡುವ ಕೆಲಸವೇ ಇಲ್ಲ.

ರೇಷ್ಮೆ ಸೀರೆ ಬಂದರೆ ಮಾತು ಬೇರೆ. ಫಾಲ್ ಹಾಕಲು, ಕುಚ್ಚು ಕಟ್ಟಲು ಮೈಸೂರು ಸಿಲ್ಕ್, ಕಂಚಿ ಸೀರೆ ಕೊಟ್ಟು ಹೋಗುತ್ತಾರೆ. ಅವನ್ನು ಪ್ಲಾಸ್ಟಿಕ್ಕಿನಲ್ಲಿ ವಾರಗಟ್ಟಲೆ ಬಿಡಬೇಡಿ, ನುಸಿಗುಳಿಗೆಯನ್ನು ಹತ್ತಿರವೂ ತರಬೇಡಿ, ಜರಿ ಕಪ್ಪಾಗುತ್ತದೆ. ಹಳೇ ಕಾಟನ್ ಪಂಚೆ ಒಗೆದು ಒಣಗಿಸಿ ಅದರಲ್ಲಿ ಸುತ್ತಿ, ಎತ್ತರದಲ್ಲಿಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ರಟ್ಟಿನ ಡಬ್ಬವನ್ನೇ ಬಿಟ್ಟುಬಿಡಿ. ಅದು ತೇವ ಎಳೆಯುತ್ತದೆ, ಜಿರಳೆಗೆ ಮನೆಯಾಗುತ್ತದೆ, ನೆಲದ ಮೇಲಿದ್ದರೆ ಗೆದ್ದಲೂ ಹತ್ತುತ್ತದೆ.

ಇನ್ನು ಸಾಮಾನು. ಒಗ್ಗರಣೆ ಡಬ್ಬಿ ಒಲೆ ಪಕ್ಕದಲ್ಲೇ ಇರುತ್ತದಲ್ವಾ, ಇಲ್ಲೂ ಹಾಗೇ. ಕಟ್ ಮಾಡುವ ಕಡೆ ಟೇಪು, ಚಾಕ್, ಎಲ್ ಸ್ಕೇಲು, ದೊಡ್ಡ ಕತ್ತರಿ. ಮೆಷಿನ್ ಹತ್ತಿರ ಬಾಬಿನ್, ಸೂಜಿ, ದಾರ ಕತ್ತರಿಸುವ ಪುಟ್ಟ ಕಟರ್, ಎಣ್ಣೆ. ಕೂತು ಕೈಹೊಲಿಗೆ ಹಾಕುವ ಕಡೆ ಹುಕ್ಸ್, ಕೈಸೂಜಿ. ಟೇಪು ಎರಡು ಕಡೆ ಬೇಕಾದರೆ ಎರಡು ತಗೊಳ್ಳಿ. ಆದರೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ಹಳೇ ಟೇಪು ಎಳೆದು ಎಳೆದು ಉದ್ದವಾಗಿರುತ್ತದೆ, ಅದನ್ನು ಎಸೆಯಿರಿ. ಬಟ್ಟೆಯ ಕತ್ತರಿಯ ಹಿಡಿಗೆ ಕೆಂಪು ದಾರ ಕಟ್ಟಿ, ಮನೆಯವರಿಗೆಲ್ಲ ತೋರಿಸಿಡಿ. ಮಕ್ಕಳ ಪ್ರಾಜೆಕ್ಟ್ ಪೇಪರ್ ಕತ್ತರಿಸಲು ಅದೇ ಕತ್ತರಿ ಹೋಗದ ಮನೆ ನಾನು ನೋಡಿಲ್ಲ.

ಸೂಜಿಯಲ್ಲಿ ಗೊಂದಲ ಜಾಸ್ತಿ. ಮನೆ ಮೆಷಿನ್ನಿನ ಸೂಜಿಯ ಬುಡ ಒಂದು ಕಡೆ ಚಪ್ಪಟೆ ಇರುತ್ತದೆ. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಇರುವಂಥ ಪವರ್ ಮೆಷಿನ್ನಿನದು ಪೂರ್ತಿ ಗುಂಡಗಿರುತ್ತದೆ. ಎರಡೂ ಮೆಷಿನ್ ಇರುವವರು ಸೂಜಿಗಳನ್ನು ಒಂದೇ ಡಬ್ಬಿಗೆ ಹಾಕಬೇಡಿ. ಡಬ್ಬಿ ಮೇಲೆ ನಂಬರ್ ಬರೆಯಿರಿ: ತೆಳು ರೇಷ್ಮೆ, ಜಾರ್ಜೆಟ್‌ಗೆ 11, ಸಾಮಾನ್ಯ ಕಾಟನ್‌ಗೆ 14, ದಪ್ಪ ಬಟ್ಟೆಗೆ 16, ಜೀನ್ಸ್‌ಗೆ 18. ಮುರಿದ ಸೂಜಿ ಕಸದ ಬುಟ್ಟಿಗೆ ಬೀಳಬಾರದು, ಕಸ ಎತ್ತುವವರ ಕೈಗೆ ಚುಚ್ಚುತ್ತದೆ. ಮುಚ್ಚಳ ಗಟ್ಟಿಯಾಗಿರುವ ಒಂದು ಹಳೇ ಬಾಟಲಿ ಅದಕ್ಕೇ ಇರಲಿ. ಸಂಜೆ ಎದ್ದೇಳುವ ಮುಂಚೆ ನೆಲದ ಮೇಲೆ ಒಂದು ಅಯಸ್ಕಾಂತ ಆಡಿಸಿದರೆ ಗುಂಡುಪಿನ್ನೆಲ್ಲ ಬಂದು ಅಂಟಿಕೊಳ್ಳುತ್ತದೆ. ತೆವಳುವ ಮಗುವಿರುವ ಮನೆಯಲ್ಲಿ ಇದನ್ನು ಬಿಡಲೇಬಾರದು.

ದಾರವನ್ನು ಗೋಡೆಯ ಹಲಗೆಗೆ ಮೊಳೆ ಹೊಡೆದು ಸಾಲಾಗಿ ಜೋಡಿಸುವುದು ನೋಡಲು ಚೆಂದ. ಬಿಸಿಲು ಬೀಳುವ ಗೋಡೆ ಮಾತ್ರ ಬೇಡ, ಬಣ್ಣ ಮಂಕಾಗುತ್ತದೆ, ದಾರ ಜೀರ್ಣವಾಗುತ್ತದೆ. ಹಳೇ ರೀಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ. ಪಟ್ಟನೆ ತುಂಡಾದರೆ ಅದು ಕಚ್ಚಾ ಹೊಲಿಗೆಗೆ ಮಾತ್ರ.

ಲೈನಿಂಗ್ ಬಗ್ಗೆ ಒಂದು ಮಾತು. ನೀರಿಗೆ ಹಾಕಿ ಒಣಗಿಸಿ ಇಸ್ತ್ರಿ ಮಾಡಿದ ಲೈನಿಂಗ್ ಮಾತ್ರ ಶೆಲ್ಫಿಗೆ ಹೋಗಲಿ. ಅಂಗಡಿಯಿಂದ ತಂದದ್ದು ತಂದ ಹಾಗೇ ಜೊತೆಗೆ ಸೇರಿದರೆ, ಅವಸರದಲ್ಲಿ ಅದೇ ಕೈಗೆ ಬರುತ್ತದೆ. ಮೊದಲ ಒಗೆತಕ್ಕೆ ಕಾಟನ್ ಲೈನಿಂಗ್ ಕುಗ್ಗಿ, ಬ್ಲೌಸ್ ಸುಕ್ಕು ಸುಕ್ಕಾಗಿ ವಾಪಸ್ ಬರುತ್ತದೆ.

ಕಟಿಂಗ್ ಟೇಬಲ್ಲಿಗೆ ಜಾಗವಿಲ್ಲ ಅಂತ ನೆಲದ ಮೇಲೆ ಬಗ್ಗಿ ಕಟ್ ಮಾಡುವವರು ಬಹಳ. ನಡು ಹಿಡಿಯುತ್ತದೆ. ಮಂಚದ ಮೇಲೆ ಕಟ್ ಮಾಡಿದರೆ ಬೆಡ್‌ಶೀಟೂ ಸೇರಿ ಕಟ್ ಆಗುತ್ತದೆ, ನಗಬೇಡಿ, ಆಗುತ್ತದೆ. ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್ ಹಲಗೆ ಬ್ಲೌಸಿಗೆ, ಚೂಡಿದಾರ್ ಟಾಪಿಗೆ ಸಾಕು. ಸ್ವಂತ ಮನೆಯಾದರೆ ಕೀಲು ಹಾಕಿಸಿ ಗೋಡೆಗೆ ಮಡಚುವ ಹಾಗೆ ಮಾಡಿಸಿ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಓನರ್ ಒಪ್ಪುವುದಿಲ್ಲ. ಹಲಗೆಯನ್ನು ಬಾಗಿಲ ಹಿಂದೆ ನಿಲ್ಲಿಸಿ, ಕೆಲಸದ ಹೊತ್ತಿಗೆ ನಿಮ್ಮ ಸೊಂಟದ ಎತ್ತರ ಬರುವಂತೆ ಎರಡು ಗಟ್ಟಿ ಸ್ಟ್ಯಾಂಡಿನ ಮೇಲೆ ಹಾಕಿಕೊಳ್ಳಿ. ಮೆಷಿನ್ನನ್ನು ಕಿಟಕಿ ನಿಮ್ಮ ಎಡಗಡೆ ಬರುವಂತೆ ಇಡಿ. ಸೂಜಿ ಇರುವುದು ಎಡಗಡೆಯೇ, ಕೈಯ ನೆರಳು ಹೊಲಿಗೆ ಮೇಲೆ ಬೀಳುವುದಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಮೋಟಾರ್, ಲೈಟು ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಬೇಡಿ. ಸಾವಿರ ವ್ಯಾಟಿನ ಪೆಟ್ಟಿಗೆಗೆ ಸಪೂರ ವೈರು ಬಿಸಿಯಾಗುತ್ತದೆ, ಸುತ್ತ ಇರುವುದೆಲ್ಲ ಬಟ್ಟೆ.

ಈಗ ಆ ಮೂರನೇ ಗುಡ್ಡೆ. ಚಿಂದಿ ಎಸೆಯಲು ನಮ್ಮವರಿಗೆ ಮನಸ್ಸು ಬರುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆ, ತುಂಡು ಬಟ್ಟೆ ಸೇರಿಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳಂತೂ ನೋಡಲು ಎರಡು ಕಣ್ಣು ಸಾಲದು. ಕೌದಿ ಹೊಲಿಯುವವರು ಗೊತ್ತಿದ್ದರೆ ಕಾಟನ್ ತುಂಡು ಅವರಿಗೆ ಕೊಡಿ. ಕೌದಿ ಹೊಲಿಯುವ ಆಸೆ ನಿಮಗೇ ಇದ್ದರೆ ಒಂದೇ ಚೀಲ ಇಟ್ಟುಕೊಳ್ಳಿ, ಅದು ತುಂಬಿದ ದಿನ ಹೊಲಿಯಲು ಕೂರಿ ಅಥವಾ ಚೀಲ ಖಾಲಿ ಮಾಡಿ. ಅಂಗೈಗಿಂತ ಸಣ್ಣ ತುಂಡು ನನ್ನ ಕೋಣೆಯಲ್ಲಿ ಉಳಿಯುವುದಿಲ್ಲ, ಪೈಪಿಂಗಿಗೆ ಆಗುವ ಉದ್ದ ಪಟ್ಟಿ ಒಂದನ್ನು ಬಿಟ್ಟು.

ಹೊಲಿದು ಮುಗಿದ ಎರಡನೇ ಗುಡ್ಡೆಗೆ ಜಾಗ ಮಾಡಿಕೊಡುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಜಾಗ ಕೊಟ್ಟಷ್ಟೂ ಅದು ಬೆಳೆಯುತ್ತದೆ. ರೆಡಿಯಾದ ದಿನವೇ ಫೋಟೋ ತೆಗೆದು ವಾಟ್ಸಾಪ್ ಮಾಡಿ. ವಾರವಾದರೂ ಬರದಿದ್ದರೆ ಫೋನ್ ಮಾಡಿ. "ಇರಲಿ ಅಕ್ಕಾ, ಹಬ್ಬದ ಹೊತ್ತಿಗೆ ಬರ್ತೀನಿ" ಅನ್ನುವವರಿಗೆ, ಬಾಕಿ ದುಡ್ಡು ಈಗ ಕಳಿಸಿ, ಬಟ್ಟೆ ಬಂದಾಗ ತಗೊಳ್ಳಿ ಅನ್ನಿ. ಆರ್ಡರ್ ತಗೊಳ್ಳುವಾಗಲೇ ಅರ್ಧ ಅಡ್ವಾನ್ಸ್ ಕೇಳುವ ರೂಢಿ ಮಾಡಿಕೊಂಡರೆ ಈ ಗುಡ್ಡೆ ತಾನಾಗಿ ಕರಗುತ್ತದೆ. ಸಂಬಂಧಿಕರ ಹತ್ತಿರ ಕೇಳಲು ಸಂಕೋಚ ಅನ್ನುತ್ತೀರಿ, ಗೊತ್ತು. ಆದರೆ ನಿಮ್ಮ ಮನೆಯ ಆ ಗುಡ್ಡೆ ತಿರುವಿ ಹಾಕಿ, ಅದರಲ್ಲಿ ಸಂಬಂಧಿಕರದ್ದು ಎಷ್ಟಿದೆ ನೋಡಿ.